ಶಹಾಡಿನ ಬಾಡಿಗೆ ಆಟಗಳು

ಕಸಾರಾ ಲೋಕಲ್ ಕಲ್ಯಾಣ್ ಬಿಟ್ಟ ಮೇಲೆ ಮೊದಲು ನಿಲ್ಲುವ ಸ್ಟೇಷನ್ ಶಹಾಡ್. ಒಂದು ಕಡೆ ಉಲ್ಲಾಸನಗರದ ಒಂದನೇ ಕ್ಯಾಂಪ್, ಇನ್ನೊಂದು ಕಡೆ ಮುರ್ಬಾಡ್ ರಸ್ತೆ, ಹತ್ತಿರದಲ್ಲೇ ಉಲ್ಲಾಸ್ ನದಿ, ನಡುವೆ ಸೆಂಚುರಿ ರೇಯಾನ್ ಕಾರ್ಖಾನೆ. ನಾನು ಬೆಳೆದದ್ದು ಈ ಊರಿನಲ್ಲಿ. ಸೈಬರ್ ಕೆಫೆ ನಡೆಸಿದ್ದೂ ಇಲ್ಲೇ. ಕೆಫೆ ಮುಚ್ಚಿದ ಮೇಲೆ ಕಂಪ್ಯೂಟರ್ ರಿಪೇರಿ, ಫೈಬರ್ ಜೋಡಣೆ ಎಂದು ಇದೇ ಗಲ್ಲಿಗಳಲ್ಲಿ ಓಡಾಡಿಕೊಂಡಿದ್ದೇನೆ. ಈಗ ಹುಡುಗರು ಮೊಬೈಲಿನಲ್ಲಿ, ಹಳೆಯ ಲ್ಯಾಪ್‌ಟಾಪಿನಲ್ಲಿ, ಮನೆಯ ಟಿವಿಯಲ್ಲಿ ದೊಡ್ಡ ದೊಡ್ಡ ಪಿಸಿ ಆಟಗಳನ್ನು ಆಡುತ್ತಾರೆ. ಆಟ ಓಡುವ ಕಂಪ್ಯೂಟರ್ ಮಾತ್ರ ಎಲ್ಲೋ ಡೇಟಾ ಸೆಂಟರಿನಲ್ಲಿರುತ್ತದೆ. ಇದಕ್ಕೆ ಕ್ಲೌಡ್ ಗೇಮಿಂಗ್ ಎಂದು ಹೆಸರು. ಇದು ತೀರಾ ಹೊಸ ಕಾಲ ಎಂದು ಎಲ್ಲರೂ ಹೇಳುತ್ತಾರೆ. ತಂತ್ರ ಹೊಸದು, ನಿಜ. ಆದರೆ ಬೇರೆಯವರ ಯಂತ್ರದಲ್ಲಿ ದುಡ್ಡು ಕೊಟ್ಟು ಆಡುವುದು ನಮ್ಮೂರಿಗೆ ಎಂದೂ ಹೊಸದಾಗಿರಲಿಲ್ಲ. ಶಹಾಡಿನ ಕಂಪ್ಯೂಟರ್ ಆಟದ ಚರಿತ್ರೆ ಬಹುಪಾಲು ಬಾಡಿಗೆ ಯಂತ್ರಗಳ ಚರಿತ್ರೆಯೇ. ಅದನ್ನು ನೋಡಿದವನಾಗಿ ಬರೆದಿಡುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ.

ಊರು ಹೇಗೆ ಬೆಳೆಯಿತೆಂಬುದು ತಿಳಿದರೆ ಯಂತ್ರ ಯಾಕೆ ಬಾಡಿಗೆಯದಾಯಿತು ಎಂಬುದೂ ತಿಳಿಯುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇಲ್ಲಿದ್ದದ್ದು ಕಲ್ಯಾಣ್ ಕ್ಯಾಂಪ್ ಎಂಬ ಸೇನಾ ಶಿಬಿರ. ದೇಶ ವಿಭಜನೆಯಾದಾಗ ಸಿಂಧ್‌ನಿಂದ ಬಂದ ನಿರಾಶ್ರಿತರನ್ನು ಆ ಬ್ಯಾರಕ್ಕುಗಳಲ್ಲಿ ಇರಿಸಿದರು. 1949ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ರಾಜಾಜಿಯವರು ಅದಕ್ಕೆ ಉಲ್ಲಾಸನಗರ ಎಂದು ಹೆಸರಿಟ್ಟರು. 1950ರ ದಶಕದಲ್ಲಿ ಬಿರ್ಲಾ ಮನೆತನದ ಸೆಂಚುರಿ ಕಂಪನಿ ಶಹಾಡಿನಲ್ಲಿ ರೇಯಾನ್ ನೂಲಿನ ಕಾರ್ಖಾನೆ ತೆರೆಯಿತು. ಪಕ್ಕದ ಮೊಹನೆಯಲ್ಲಿ ಎನ್‌ಆರ್‌ಸಿ ಎಂಬ ಇನ್ನೊಂದು ಕಾರ್ಖಾನೆ ಇತ್ತು. ಈ ಕಾರ್ಖಾನೆಗಳು, ರೈಲ್ವೆ, ಉಲ್ಲಾಸನಗರದ ಅಂಗಡಿ ಸಾಲುಗಳು, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶ ಎಲ್ಲ ಸೇರಿ ದೇಶದ ಮೂಲೆಮೂಲೆಯಿಂದ ದುಡಿಯುವವರನ್ನು ಕರೆದುಕೊಂಡವು. ನಮ್ಮ ಕನ್ನಡದವರೂ ಬಂದರು. ಕುಂದಾಪುರ, ಉಡುಪಿ ಕಡೆಯವರು ಹೋಟೆಲು, ಕ್ಯಾಂಟೀನು ಹಿಡಿದರೆ, ವಿಜಯಪುರ, ಕಲಬುರಗಿ ಕಡೆಯವರು ಕಟ್ಟಡ ಕೆಲಸಕ್ಕೆ, ರೈಲ್ವೆ ಕೆಲಸಕ್ಕೆ ಬಂದರು. ನನ್ನ ಅಪ್ಪ ಕುಂದಾಪುರದ ಕಡೆಯಿಂದ ಹೋಟೆಲು ಕೆಲಸಕ್ಕೆ ಬಂದು, ಆಮೇಲೆ ಕಾರ್ಖಾನೆಯ ಪಾಳಿ ಕೆಲಸಕ್ಕೆ ಸೇರಿದವರು. ನಾವಿದ್ದದ್ದು ಒಂದು ಕೋಣೆ, ಒಂದು ಅಡುಗೆಮನೆಯ ಚಾಳು. ಅಪ್ಪ ರಾತ್ರಿಪಾಳಿ ಮುಗಿಸಿ ಹಗಲು ಮಲಗಿದರೆ ಮನೆಯಲ್ಲಿ ರೇಡಿಯೋ ಕೂಡ ಹಾಕುವಂತಿರಲಿಲ್ಲ. ಇಂಥ ಮನೆಗಳಲ್ಲಿ ಮೇಜು, ಕುರ್ಚಿ, ಕಂಪ್ಯೂಟರ್ ಇಡಲು ದುಡ್ಡಿಗಿಂತ ಮೊದಲು ಜಾಗವೇ ಇರಲಿಲ್ಲ.

ಹಾಗಾಗಿ ಆಟ ಮನೆಯ ಹೊರಗೆ ಹುಟ್ಟಿತು. 1980ರ ದಶಕದ ಕೊನೆಗೆ ಕಲ್ಯಾಣ್ ಸ್ಟೇಷನ್ನಿನ ಸುತ್ತಮುತ್ತ ವಿಡಿಯೋ ಗೇಮ್ ಪಾರ್ಲರುಗಳಿದ್ದವು. ಗಲ್ಲೆಯಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಂಡು, ಎತ್ತರದ ಮರದ ಪೆಟ್ಟಿಗೆಯ ಮುಂದೆ ನಿಂತು ಆಡಬೇಕು. ಆಮೇಲೆ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಗಳು ಬಂದವು. ಸಮುರಾಯ್, ಲಿಟಲ್ ಮಾಸ್ಟರ್, ಮೀಡಿಯಾ ಎಂಬ ಹೆಸರುಗಳನ್ನು ನನ್ನ ವಯಸ್ಸಿನವರು ಮರೆಯಲಾರರು. ಕಾರ್ಟ್ರಿಜ್‌ಗೆ ಎಲ್ಲರೂ ಕ್ಯಾಸೆಟ್ ಎನ್ನುತ್ತಿದ್ದರು. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ ಎಲ್ಲ ಒಂದೇ ಕ್ಯಾಸೆಟ್ಟಿನಲ್ಲಿ. ಉಲ್ಲಾಸನಗರದ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕ್ಯಾಸೆಟ್ ಮಾರಾಟಕ್ಕೂ ಇತ್ತು, ಬದಲಾಯಿಸಿಕೊಡುವ ವ್ಯವಸ್ಥೆಯೂ ಇತ್ತು. ವಿಸಿಆರ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳೇ ಆಟದ ಪೆಟ್ಟಿಗೆಯನ್ನೂ ದಿನದ ಲೆಕ್ಕದಲ್ಲಿ ಕೊಡುತ್ತಿದ್ದವು. ದೀಪಾವಳಿ ರಜೆಯಲ್ಲಿ ನಾಲ್ಕು ಮನೆಯ ಮಕ್ಕಳು ದುಡ್ಡು ಕೂಡಿಸಿ ಒಂದು ಪೆಟ್ಟಿಗೆ ತಂದು, ಯಾರ ಮನೆಯ ಟಿವಿ ಖಾಲಿಯಿದೆಯೋ ಅಲ್ಲಿ ಆಡುತ್ತಿದ್ದೆವು. 1990ರ ದಶಕದ ಮಧ್ಯದಲ್ಲಿ ಶಾ ವಾಲೇಸ್ ಕಂಪನಿ ಸೆಗಾ ಯಂತ್ರಗಳನ್ನು ಭಾರತದಲ್ಲಿ ಮಾರಲು ತೊಡಗಿತು. ಆದರೆ ಅದರ ಬೆಲೆ ಕಾರ್ಖಾನೆ ಪಗಾರದ ಮನೆಗಳಿಗೆ ಎಟುಕುವಂತಿರಲಿಲ್ಲ.

ಭಾರತದಲ್ಲಿ ಆಟದ ಯಂತ್ರವಾಗಿ ಗೆದ್ದದ್ದು ಕನ್ಸೋಲ್ ಅಲ್ಲ, ಪಿಸಿ. ಅದಕ್ಕೆ ಒಂದು ಗಟ್ಟಿ ಕಾರಣ ಸುಂಕ. 1997ರಲ್ಲಿ ಭಾರತ ವಿಶ್ವ ವಾಣಿಜ್ಯ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಕಂಪ್ಯೂಟರ್ ಮತ್ತು ಅದರ ಬಿಡಿಭಾಗಗಳ ಮೇಲಿನ ಆಮದು ಸುಂಕ ಹಂತಹಂತವಾಗಿ ಇಳಿದು 2005ಕ್ಕೆ ಸೊನ್ನೆಗೆ ಬಂತು. ಆಟದ ಕನ್ಸೋಲುಗಳು ಆ ಪಟ್ಟಿಯಲ್ಲಿರಲಿಲ್ಲ. ಜೊತೆಗೆ, ಮಗನ ಓದಿಗೆ ಬೇಕು ಎಂದು ಹೇಳಿ ಕಂಪ್ಯೂಟರ್ ಕೊಳ್ಳಬಹುದಿತ್ತು, ಕನ್ಸೋಲನ್ನು ಹಾಗೆ ಹೇಳಿ ಕೊಳ್ಳಲಾಗುತ್ತಿರಲಿಲ್ಲ. ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದರೆ ಮದರ್‌ಬೋರ್ಡ್ ಒಂದು ಅಂಗಡಿ, ರ‍್ಯಾಮ್ ಇನ್ನೊಂದು ಅಂಗಡಿ, ಕ್ಯಾಬಿನೆಟ್ ಮತ್ತೊಂದು ಅಂಗಡಿ ಎಂದು ಅಲೆದು, ಸಂಜೆಯೊಳಗೆ ಒಂದು ಅಸೆಂಬಲ್ಡ್ ಪಿಸಿ ಜೋಡಿಸಿಕೊಂಡು ಬರಬಹುದಿತ್ತು. ಅದನ್ನು ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಕಾಲ ನಡುವೆ ಇಟ್ಟುಕೊಂಡು ಕಲ್ಯಾಣಕ್ಕೆ ತರುವುದು ನಮ್ಮ ಕಡೆಯವರಿಗೆ ರೂಢಿಯ ಕೆಲಸ. ಹಾಗೆ ತಂದ ಯಂತ್ರಗಳಿಂದಲೇ ನಮ್ಮ ಭಾಗದ ಕೆಫೆಗಳು ಶುರುವಾದವು.

ಇಂಟರ್ನೆಟ್ ವಿಷಯಕ್ಕೆ ಬಂದರೆ, ಕಲ್ಯಾಣ್ ಮುಂಬಯಿಗೆ ರೈಲಿನಲ್ಲಿ ಹತ್ತಿರ, ತಂತಿಯಲ್ಲಿ ದೂರ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕ ಇಂಟರ್ನೆಟ್ ಶುರುಮಾಡಿದಾಗ ಮುಂಬಯಿ ಆ ಮೊದಲ ನಗರಗಳ ಸಾಲಿನಲ್ಲಿತ್ತು. ಮುಂಬಯಿ, ಠಾಣೆ, ನವಿ ಮುಂಬಯಿಯ ದೂರವಾಣಿ ಎಂಟಿಎನ್‌ಎಲ್‌ಗೆ ಸೇರಿತ್ತು, ಅದರ ಕೋಡ್ 022. ಕಲ್ಯಾಣ್, ಡೊಂಬಿವಲಿ, ಉಲ್ಲಾಸನಗರ, ಶಹಾಡ್ ಆ ಗೆರೆಯ ಹೊರಗೆ, ನಮ್ಮ ಕೋಡ್ 0251. ದಿನವೂ ಲಕ್ಷಾಂತರ ಜನ ಲೋಕಲ್ ಹತ್ತಿ ಮುಂಬಯಿಗೆ ಹೋಗಿ ಬರುತ್ತಿದ್ದರೂ ಫೋನ್ ಲೆಕ್ಕದಲ್ಲಿ ನಾವು ಪರವೂರಿನವರು. ವಿದ್ಯುತ್ತಿನಲ್ಲೂ ಅದೇ ಗೆರೆ. ಮುಂಬಯಿ ನಗರದಲ್ಲಿ ದೀಪ ಆರುತ್ತಿರಲಿಲ್ಲ. ನಮ್ಮ ಕಡೆ ಲೋಡ್‌ಶೆಡ್ಡಿಂಗ್ ಗಂಟೆಗಟ್ಟಲೆ ಇರುತ್ತಿತ್ತು. ಈ ಗೆರೆಯ ಹೊರಗಿದ್ದವರು ಆಟದ ವಿಷಯದಲ್ಲೂ ಯಾವಾಗಲೂ ಒಂದು ಹೆಜ್ಜೆ ಹಿಂದೆ ನಿಂತು ಕಾಯಬೇಕಾಯಿತು.

1998ರಲ್ಲಿ ಖಾಸಗಿಯವರಿಗೂ ಇಂಟರ್ನೆಟ್ ಸೇವೆ ಕೊಡಲು ಅನುಮತಿ ಸಿಕ್ಕಿತು. ಸತ್ಯಂ ಇನ್ಫೋವೇ, ಅಂದರೆ ಮುಂದೆ ಸಿಫಿ ಎನಿಸಿಕೊಂಡ ಕಂಪನಿ, ಆ ಹಾದಿಯಲ್ಲಿ ಮೊದಲು ನಡೆಯಿತು. ಅದರ ಐವೇ ಕೆಫೆಗಳು ಊರೂರಿಗೆ ಬಂದವು. ನನ್ನಂಥವರು ಚಿಕ್ಕ ಅಂಗಡಿ ಕೋಣೆ ಬಾಡಿಗೆಗೆ ಹಿಡಿದು ನಮ್ಮದೇ ಕೆಫೆ ತೆರೆದೆವು. ರೈಲ್ವೆ ಫಲಿತಾಂಶ ನೋಡುವವರು, ಬಯೋಡೇಟಾ ಟೈಪ್ ಮಾಡಿಸುವವರು, ಗಲ್ಫ್‌ನಲ್ಲಿರುವ ಮಗನ ಜೊತೆ ಚಾಟ್ ಮಾಡುವವರು ಹಗಲು ಬರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಬರುವವರೆಲ್ಲ ಆಟದ ಹುಡುಗರು. ಕೆಫೆಯ ಬಾಡಿಗೆ, ಕರೆಂಟ್ ಬಿಲ್ಲು ನಡೆದದ್ದು ಅವರ ದುಡ್ಡಿನಿಂದ. ಗಂಟೆಗೆ ಇಪ್ಪತ್ತು ರೂಪಾಯಿ, ಅರ್ಧ ಗಂಟೆಗೆ ಹತ್ತು. ರೋಡ್ ರ‍್ಯಾಶ್, ನೀಡ್ ಫಾರ್ ಸ್ಪೀಡ್, ಏಜ್ ಆಫ್ ಎಂಪೈರ್ಸ್, ಐಜಿಐ, ಆಮೇಲೆ ಕೌಂಟರ್ ಸ್ಟ್ರೈಕ್ ಮತ್ತು ವೈಸ್ ಸಿಟಿ. ಕ್ರಿಕೆಟ್ 07 ಬಂದ ವರ್ಷ ಬೇರೆ ಆಟ ಕೇಳುವವರೇ ಇರಲಿಲ್ಲ.

ವೈಸ್ ಸಿಟಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಅದರಲ್ಲೇ ಇದೆ. 2003ರಲ್ಲಿ ಪಿಸಿಗೆ ಬಂದ ಆಟ ಅದು. ಒಂದು ಕೂರಿಕೆಯಲ್ಲಿ ಮುಗಿಯುವಂಥದ್ದಲ್ಲ, ಒಂದು ಕತೆ, ಅದರಲ್ಲಿ ಹತ್ತಾರು ಮಿಷನ್. ಆಡಿದಷ್ಟನ್ನು ಸೇವ್ ಮಾಡಿಟ್ಟು ಮರುದಿನ ಮುಂದುವರಿಸಬೇಕು. ಆ ಆಟದಲ್ಲಿ ಸೇವ್ ಮಾಡಲು ಇರುವುದು ಎಂಟೇ ಜಾಗ. ಆ ಫೈಲುಗಳು ಹೋಗಿ ಕೂರುವುದು ಮೈ ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ. ಕೆಫೆಗಳಲ್ಲೋ ವೈರಸ್ ಕಾಟ ತಪ್ಪಿಸಲು ಡೀಪ್ ಫ್ರೀಜ್ ಎಂಬ ಸಾಫ್ಟ್‌ವೇರ್ ಹಾಕಿರುತ್ತಿದ್ದೆವು. ಕಂಪ್ಯೂಟರ್ ಆರಿಸಿ ಹಾಕಿದರೆ ಸಿ ಡ್ರೈವ್ ಮೊದಲಿದ್ದ ಸ್ಥಿತಿಗೆ ಮರಳುತ್ತದೆ, ನಡುವೆ ಯಾರು ಏನು ಬರೆದಿದ್ದರೂ ಅಳಿಸಿಹೋಗುತ್ತದೆ. ಹುಡುಗರ ಸೇವ್ ಹೋಗಬಾರದೆಂದು ನಾನು ಎಲ್ಲ ಯಂತ್ರಗಳಲ್ಲಿ ಮೈ ಡಾಕ್ಯುಮೆಂಟ್ಸನ್ನು ಡಿ ಡ್ರೈವ್‌ಗೆ ಸರಿಸಿ, ಡಿ ಡ್ರೈವನ್ನು ಡೀಪ್ ಫ್ರೀಜಿನಿಂದ ಹೊರಗಿಟ್ಟೆ. ಅಂದರೆ ನಾಲ್ಕನೇ ನಂಬರಿನ ಯಂತ್ರದಲ್ಲಿ ಆಡಿದವನ ಆಟ ನಾಲ್ಕನೇ ನಂಬರಿನಲ್ಲೇ ಉಳಿಯಿತು. ಅವನು ಮರುದಿನ ಬಂದು ಬಾಗಿಲಲ್ಲೇ, “ಅಂಕಲ್, ಚಾರ್ ನಂಬರ್ ಖಾಲಿ ಹೈ ಕ್ಯಾ?” ಎಂದು ಕೇಳುತ್ತಿದ್ದ. ಇಲ್ಲದಿದ್ದರೆ ಉಳಿದ ಯಂತ್ರಗಳು ಖಾಲಿಯಿದ್ದರೂ ಹೊರಗಿನ ಕಟ್ಟೆಯ ಮೇಲೆ ಕಾಯುತ್ತಿದ್ದ.

ಎಂಟು ಜಾಗಕ್ಕೆ ಹದಿನೈದು, ಇಪ್ಪತ್ತು ಹುಡುಗರು. ಒಬ್ಬನ ಸೇವ್ ಮೇಲೆ ಇನ್ನೊಬ್ಬ ಸೇವ್ ಮಾಡಿದರೆ ವಾರಗಟ್ಟಲೆ ಕೂಡಿಸಿದ ಆಟ ಒಂದು ಕ್ಷಣದಲ್ಲಿ ಇಲ್ಲವಾಗುತ್ತಿತ್ತು. ಆಗ ನಡೆಯುತ್ತಿದ್ದ ಜಗಳವನ್ನು ಹೊರಗಿನವರು ಹುಡುಗಾಟ ಎನ್ನಬಹುದು. ನಾನು ಎಂದೂ ಹಾಗೆ ಎಣಿಸಲಿಲ್ಲ. ಊಟದ ಡಬ್ಬಿಯ ಜೊತೆ ಕೊಟ್ಟ ಐದು ರೂಪಾಯಿಯ ವಡಾಪಾವ್ ಬಿಟ್ಟು, ಆ ದುಡ್ಡು ಉಳಿಸಿ ಆಡಿದ ಹುಡುಗ ಅವನು. ಯಂತ್ರ ನನ್ನದು, ಕುರ್ಚಿ ನನ್ನದು, ಕರೆಂಟು ನನ್ನದು. ಅವನದು ಎನ್ನುವುದು ಆ ಒಂದು ಫೈಲು ಮಾತ್ರ. ಅದಕ್ಕಾಗಿ ಪ್ರತಿ ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಸೇವ್ ಫೈಲುಗಳನ್ನೆಲ್ಲ ಹುಡುಗರ ಹೆಸರಿನ ಫೋಲ್ಡರುಗಳಿಗೆ ನಕಲು ಮಾಡಿ, ಸಿಡಿಗೆ ಬರೆದಿಡುತ್ತಿದ್ದೆ. ಕೆಲವರು ಫ್ಲಾಪಿ ತಂದು ತಮ್ಮ ಫೈಲು ತಾವೇ ಒಯ್ಯುತ್ತಿದ್ದರು, ಆಮೇಲೆ ಪೆನ್‌ಡ್ರೈವ್ ಬಂತು. 2005ರ ಜುಲೈ 26ರ ಮಹಾಮಳೆಗೆ ಉಲ್ಲಾಸ್ ನದಿ ಉಕ್ಕಿ ಕಲ್ಯಾಣ್, ಬದಲಾಪುರ, ಉಲ್ಲಾಸನಗರದ ತಗ್ಗು ಜಾಗಗಳಿಗೆಲ್ಲ ನೀರು ನುಗ್ಗಿದ ದಿನ ಸಿಪಿಯುಗಳನ್ನು ಅಟ್ಟಕ್ಕೆ ಏರಿಸಲು ಓಡಿ ಬಂದವರು ಅದೇ ಹುಡುಗರು. ಯಂತ್ರ ಬಾಡಿಗೆಯದಾದರೂ ಅದರೊಳಗೆ ಅವರದೊಂದು ಪಾಲು ಇತ್ತು.

ಆ ವರ್ಷಗಳಲ್ಲಿ ನಮ್ಮ ಊರಿನ ಮೇಲೆ ಇನ್ನೊಂದು ಜಾಲ ಹೆಣೆದುಕೊಂಡಿತು. ಟಿವಿ ಕೇಬಲ್‌ನವರೇ ಕಟ್ಟಡದಿಂದ ಕಟ್ಟಡಕ್ಕೆ ಇಂಟರ್ನೆಟ್ ತಂತಿ ಎಳೆದರು. ಹೊರಗಿನ ಇಂಟರ್ನೆಟ್ ನಿಧಾನ, ಆದರೆ ಒಂದೇ ಕೇಬಲ್‌ನವರ ಕೆಳಗಿನ ಮನೆಗಳ ನಡುವೆ ವೇಗ ಬಹಳ. ಫೈಲು ಹಂಚಿಕೊಳ್ಳುವ ಡಿಸಿ++ ಹಬ್‌ಗಳಲ್ಲಿ ಆಟಗಳು, ಸಿನಿಮಾಗಳು ಮನೆಯಿಂದ ಮನೆಗೆ ಹರಿದವು. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್. 2005ರ ಆರಂಭದಲ್ಲಿ ಬಿಎಸ್‌ಎನ್‌ಎಲ್ ತನ್ನ ಡೇಟಾಒನ್ ತಂದಾಗ ಕಲ್ಯಾಣ್ ಕಡೆಯ ಮನೆಗಳಿಗೆ ಟೆಲಿಫೋನ್ ತಂತಿಯಲ್ಲೇ ಇಂಟರ್ನೆಟ್ ಬಂತು. ಅತ್ತ ರಿಲಯನ್ಸ್ ವೆಬ್‌ವರ್ಲ್ಡ್ ಮಳಿಗೆಗಳಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಆಟ ಆಡುವ ವ್ಯವಸ್ಥೆ ಇತ್ತು. ವಿಶಾಲ್ ಗೊಂಡಾಲ್ ಅವರು ಮುಂಬಯಿಯಲ್ಲಿ ಕಟ್ಟಿದ ಇಂಡಿಯಾಗೇಮ್ಸ್ ಕಂಪನಿ ಬ್ರಾಡ್‌ಬ್ಯಾಂಡ್ ಕಂಪನಿಗಳ ಜೊತೆ ಸೇರಿ ಗೇಮ್ಸ್ ಆನ್ ಡಿಮ್ಯಾಂಡ್ ಎಂಬ ಸೇವೆ ತಂದಿತು. ತಿಂಗಳ ಚಂದಾ ಕಟ್ಟಿದರೆ ಪಟ್ಟಿಯಲ್ಲಿರುವ ಪಿಸಿ ಆಟಗಳನ್ನು ಆಡಬಹುದು. ಆಟ ಓಡುವುದು ಮನೆಯ ಪಿಸಿಯಲ್ಲೇ ಆದರೂ, ಸಿಡಿ ಕೊಳ್ಳದೆ ಆಟಕ್ಕೆ ಚಂದಾ ಕಟ್ಟುವ ಪರಿಪಾಠವನ್ನು ನಮ್ಮವರು ಮೊದಲು ಕಂಡದ್ದು ಅಲ್ಲಿ.

ಇದೇ ಹೊತ್ತಿಗೆ ಹೊರದೇಶಗಳಲ್ಲಿ ಬೇರೆಯದೇ ಪ್ರಯತ್ನ ನಡೆದಿತ್ತು. ಆಟವನ್ನು ದೂರದ ಯಂತ್ರದಲ್ಲಿ ಓಡಿಸಿ, ಚಿತ್ರವನ್ನು ಮಾತ್ರ ಆಟಗಾರನಿಗೆ ಕಳಿಸುವ ಪ್ರಯತ್ನ. 2000ದಲ್ಲೇ ಅಮೆರಿಕದ ಇ3 ಎಂಬ ವಿಡಿಯೋ ಗೇಮ್ ಮೇಳದಲ್ಲಿ ಫಿನ್ಲೆಂಡಿನ ಜಿ-ಕ್ಲಸ್ಟರ್ ಕಂಪನಿ ಅದನ್ನು ತೋರಿಸಿತ್ತು. 2010ರ ಜೂನ್‌ನಲ್ಲಿ ಆನ್‌ಲೈವ್ ಅಮೆರಿಕದಲ್ಲಿ ಸೇವೆ ಶುರುಮಾಡಿತು. 2012ರಲ್ಲಿ ಸೋನಿ ಗೈಕೈ ಎಂಬ ಕಂಪನಿಯನ್ನು 38 ಕೋಟಿ ಡಾಲರಿಗೆ ಕೊಂಡಿತು. ಆನ್‌ಲೈವ್ 2015ರ ಏಪ್ರಿಲ್‌ನಲ್ಲಿ ಮುಚ್ಚಿತು, ಅದರ ಪೇಟೆಂಟುಗಳೂ ಸೋನಿಯ ಪಾಲಾದವು. 2019ರ ನವೆಂಬರಿನಲ್ಲಿ ಗೂಗಲ್ ಸ್ಟೇಡಿಯಾ ತಂದಿತು. ಅದರ ಆಯಸ್ಸು ಮೂರು ವರ್ಷ ಚಿಲ್ಲರೆ, 2023ರ ಜನವರಿ 18ಕ್ಕೆ ಮುಗಿಯಿತು. 2020ರ ಫೆಬ್ರವರಿಯಲ್ಲಿ ಎನ್ವಿಡಿಯಾದ ಜಿಫೋರ್ಸ್ ನೌ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೇವೆ ಸಾರ್ವಜನಿಕರಿಗೆ ತೆರೆದವು. ಇವು ಯಾವುವೂ ಆಗ ಭಾರತಕ್ಕೆ ಬರಲಿಲ್ಲ.

ಬಾರದಿರಲು ಮುಖ್ಯ ಕಾರಣ ದೂರ. ಕ್ಲೌಡ್ ಗೇಮಿಂಗಿನಲ್ಲಿ ನೀವು ಬಟನ್ ಒತ್ತಿದರೆ ಆ ಸುದ್ದಿ ಸರ್ವರಿಗೆ ಹೋಗಬೇಕು, ಅಲ್ಲಿ ಆಟ ಮುಂದೆ ಸರಿಯಬೇಕು, ಗ್ರಾಫಿಕ್ಸ್ ಕಾರ್ಡ್ ಹೊಸ ಚಿತ್ರ ಬರೆಯಬೇಕು, ಆ ಚಿತ್ರ ವಿಡಿಯೋ ಆಗಿ ಕುಗ್ಗಿ ನಿಮ್ಮ ಪರದೆಗೆ ಬಂದು ಬಿಚ್ಚಿಕೊಳ್ಳಬೇಕು. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಒಂದು ಚಿತ್ರದ ಆಯುಷ್ಯ 17 ಮಿಲಿಸೆಕೆಂಡಿಗಿಂತ ಕಡಿಮೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬಯಿಯಿಂದ ಸಿಂಗಪುರ ನೇರ ಗೆರೆಯಲ್ಲೇ ಸುಮಾರು 3,900 ಕಿಲೋಮೀಟರ್. ಹೋಗಿ ಬರಲು ಬೆಳಕಿಗೇ 40 ಮಿಲಿಸೆಕೆಂಡ್ ಹತ್ತಿರ ಬೇಕು. ಸಮುದ್ರದಡಿಯ ಕೇಬಲ್ ಹಿಡಿಯುವ ಸುತ್ತುದಾರಿ, ನಡುವಿನ ರೂಟರುಗಳು, ವಿಡಿಯೋ ಕುಗ್ಗಿಸುವ ಸಮಯ ಎಲ್ಲ ಸೇರಿದರೆ ಗುಂಡು ಹೊಡೆಯುವ ಆಟದಲ್ಲಿ ನಿಮ್ಮ ಬೆರಳಿಗೂ ಪರದೆಗೂ ತಾಳ ತಪ್ಪುತ್ತದೆ. ಸರ್ವರ್ ಇದೇ ಮುಂಬಯಿ ಪ್ರದೇಶದಲ್ಲಿದ್ದರೆ ಹೋಗಿ ಬರುವ ಕಾಲ ಕೆಲವೇ ಮಿಲಿಸೆಕೆಂಡ್. ಹಣ ಎಷ್ಟೇ ಸುರಿದರೂ ಬೆಳಕಿನ ವೇಗ ಹೆಚ್ಚಿಸಲಾಗದು. ಸರ್ವರನ್ನು ಹತ್ತಿರ ತರುವುದೊಂದೇ ದಾರಿ.

ಅಷ್ಟರಲ್ಲಿ ನಮ್ಮ ಕೆಫೆಗಳ ಕಾಲ ಮುಗಿಯಿತು. 2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆ ನಿಯಮ ತಂದಿತು. ಬಂದವರ ಗುರುತಿನ ಚೀಟಿ ನೋಡಬೇಕು, ಲಾಗ್ ಪುಸ್ತಕ ಒಂದು ವರ್ಷ ಇಡಬೇಕು, ನಡುವಿನ ಪಾರ್ಟಿಷನ್ ನಾಲ್ಕೂವರೆ ಅಡಿ ಮೀರಬಾರದು. ನಿಯಮ ಪಾಲಿಸಿಯೇ ನಡೆಸಬಹುದಿತ್ತು. ಕೆಫೆಯನ್ನು ಮುಗಿಸಿದ್ದು ಸ್ಮಾರ್ಟ್‌ಫೋನ್. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾದ ಮೇಲೆ ಡೇಟಾ ನೀರಿನ ಬೆಲೆಗೆ ಬಂತು. ಹುಡುಗರು ಪಬ್‌ಜಿ ಮೊಬೈಲಿಗೆ ಸರಿದರು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿದಾಗಲೂ ಅವರು ಪಿಸಿಗೆ ಮರಳಲಿಲ್ಲ. ಮರಳಬೇಕೆಂದವರಿಗೆ ಗ್ರಾಫಿಕ್ಸ್ ಕಾರ್ಡ್ ಸಿಗಲಿಲ್ಲ. 2021ರಲ್ಲಿ ಚಿಪ್ ಕೊರತೆ ಮತ್ತು ಕ್ರಿಪ್ಟೋ ಗಣಿಗಾರಿಕೆ ಎರಡೂ ಸೇರಿ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕಾರ್ಡುಗಳ ಬೆಲೆ ಮುಟ್ಟಲಾಗದಷ್ಟು ಏರಿತ್ತು.

ಈ ನಡುವೆ ಕ್ಲೌಡ್ ಇಲ್ಲದೆಯೂ ಆಟವನ್ನು ಬೇರೆ ಪರದೆಗೆ ಕಳಿಸುವ ದಾರಿ ನಮ್ಮ ಮನೆಗಳಿಗೆ ಬಂದಿತ್ತು. 2014ರಲ್ಲಿ ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್, ಮನೆಯೊಳಗೇ ಒಂದು ಪಿಸಿಯಿಂದ ಇನ್ನೊಂದು ಪರದೆಗೆ ಆಟ ಹರಿಸುವ ಸೌಲಭ್ಯ ಕೊಟ್ಟಿತು. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಮೂನ್‌ಲೈಟ್ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಫೋನು, ಟ್ಯಾಬ್ಲೆಟ್, ಟಿವಿ ಎಲ್ಲಕ್ಕೂ ಒಯ್ಯಿತು. ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮಗನ ಮನೆಯಲ್ಲಿ ಅದನ್ನು ಜೋಡಿಸಿಕೊಟ್ಟವನು ನಾನೇ. ಮಲಗುವ ಕೋಣೆಯಲ್ಲಿ ಅವನ ಪಿಸಿ, ಹೊರಕೋಣೆಯಲ್ಲಿ ಅಕ್ಕ ಧಾರಾವಾಹಿ ನೋಡುವ ಟಿವಿ, ಕೈಯಲ್ಲಿ ಅವನ ತಂಗಿಯ ಆನ್‌ಲೈನ್ ತರಗತಿಗೆಂದು ಕೊಂಡ ಟ್ಯಾಬ್ಲೆಟ್. ಪಿಸಿಗೆ ರೂಟರಿನಿಂದ ತಂತಿ ಎಳೆದು, ಟ್ಯಾಬ್ಲೆಟನ್ನು ಐದು ಗಿಗಾಹರ್ಟ್ಸ್ ವೈಫೈಗೆ ಹಾಕಿದೆವು. “ಮಾವ, ಇದ್ರಲ್ಲಿ ಕಾರ್ಡೇ ಇಲ್ಲ, ಆದ್ರೂ ಓಡ್ತದೆ!” ಎಂದು ಅವನು ಕುಣಿದಾಡಿದ. ಹೀಗೆ ಆಡುವಾಗ ಪಿಸಿಗೆ ತಂತಿಯೇ ಇರಬೇಕು, ವೈಫೈ ಗೋಡೆ ದಾಟುವಾಗ ತಡವರಿಸುತ್ತದೆ. ಕ್ಲೌಡ್ ಸೇವೆ ಬಳಸುವವರಿಗೂ ನಾನು ಮೊದಲು ಹೇಳುವ ಮಾತು ಇದೇ: ಸರ್ವರ್ ದೂರವೆಂದು ದೂರುವ ಮುನ್ನ ಮನೆಯ ವೈಫೈ ನೋಡಿ.

ಸರ್ವರುಗಳು ಹತ್ತಿರ ಬಂದ ಕತೆ ನವಿ ಮುಂಬಯಿಯ ಕತೆ. 1970ರಲ್ಲಿ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಸ್ಥಾಪನೆಯಾಗಿ ಕೊಲ್ಲಿಯಾಚೆ ಹೊಸ ನಗರ ಎದ್ದಿತು. ಅದಕ್ಕೂ ಮೊದಲೇ ಠಾಣೆ-ಬೇಲಾಪುರ ರಸ್ತೆಯುದ್ದಕ್ಕೂ ರಾಸಾಯನಿಕ ಕಾರ್ಖಾನೆಗಳ ಸಾಲಿತ್ತು. ಎಂಐಡಿಸಿಯ ಟಿಟಿಸಿ ಕೈಗಾರಿಕಾ ಪ್ರದೇಶ ಅದು. ಕಾಲ ಸರಿದಂತೆ ಕಾರ್ಖಾನೆಗಳ ನಡುವೆ ಡೇಟಾ ಸೆಂಟರುಗಳು ಎದ್ದವು. ಬೇಕಾದಷ್ಟು ವಿದ್ಯುತ್ತು, ದೊಡ್ಡ ಜಾಗ, ಮುಂಬಯಿ ಕರಾವಳಿಗೆ ಬಂದು ತಾಗುವ ಸಮುದ್ರದಡಿಯ ಕೇಬಲ್ಲುಗಳ ಸಾಮೀಪ್ಯ, ಮೂರೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಐರೋಲಿ, ರಬಾಳೆ, ಮಹಾಪೆ ಇಂದು ದೇಶದ ಡೇಟಾ ಸೆಂಟರ್ ನಕ್ಷೆಯಲ್ಲಿ ದೊಡ್ಡ ಹೆಸರುಗಳು. 2020ರ ಜುಲೈಯಲ್ಲಿ ಪನ್ವೇಲ್‌ನಲ್ಲಿ ಹೀರಾನಂದಾನಿ ಸಮೂಹದ ಯೊಟ್ಟಾ ಕೇಂದ್ರ 7,200 ರ‍್ಯಾಕುಗಳ ಸಾಮರ್ಥ್ಯದೊಂದಿಗೆ ತೆರೆಯಿತು. ನಾನು ಮರೆಯಲಾರದ ಸಂಗತಿ ಇನ್ನೊಂದಿದೆ. ಒಂದು ಕಾಲಕ್ಕೆ ಐವೇ ಕೆಫೆಗಳನ್ನು ನಡೆಸಿದ ಸಿಫಿ ಇಂದು ರಬಾಳೆಯಲ್ಲಿ ದೊಡ್ಡ ಡೇಟಾ ಸೆಂಟರ್ ನಡೆಸುತ್ತದೆ. ಕೆಫೆಯಿಂದ ಡೇಟಾ ಸೆಂಟರಿಗೆ ಯಂತ್ರಗಳು ಹೋದ ದಾರಿ ಆ ಒಂದೇ ಕಂಪನಿಯ ಚರಿತ್ರೆಯಲ್ಲಿ ಕಾಣುತ್ತದೆ.

2022ರ ಅಕ್ಟೋಬರ್ 1ರಂದು 5ಜಿ ಬಂತು. ಆ ವರ್ಷದ ಕೊನೆಗೆ ಜಿಯೋ ತನ್ನ ಕ್ಲೌಡ್ ಗೇಮಿಂಗ್ ಸೇವೆಯನ್ನು ಬೀಟಾ ರೂಪದಲ್ಲಿ ತೆರೆಯಿತು. ಫೋನು, ಬ್ರೌಸರ್, ಟಿವಿಯ ಸೆಟ್‌ಟಾಪ್ ಬಾಕ್ಸ್ ಮೂರರಲ್ಲೂ ಆಡಬಹುದಿತ್ತು. 2025ರ ಜನವರಿಯಲ್ಲಿ ಎನ್ವಿಡಿಯಾ ಜಿಫೋರ್ಸ್ ನೌ ಸೇವೆಯನ್ನು ಭಾರತಕ್ಕೆ ತರುವುದಾಗಿ ಘೋಷಿಸಿತು. ಅದೇ ವರ್ಷದ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಭಾರತದಲ್ಲಿ ಅಧಿಕೃತವಾಗಿ ಶುರುವಾಯಿತು. ಅಮೆರಿಕದಲ್ಲಿ ಶುರುವಾಗಿ ಐದು ವರ್ಷ ಕಳೆದ ಮೇಲೆ.

ಇದರ ಲಾಭ ಯಾರಿಗೆ ಎಂಬುದನ್ನು ನಾನು ದಿನವೂ ನೋಡುತ್ತೇನೆ. ಕ್ಯಾಂಪಿನ ಜೀನ್ಸ್ ಕಾರ್ಖಾನೆಯಲ್ಲಿ ಹೊಲಿಯುವವರ ಮಗ, ಮೊಹನೆಯ ರಿಕ್ಷಾದವರ ಮಗಳು ಮೂವತ್ತು ಸಾವಿರದ ಗ್ರಾಫಿಕ್ಸ್ ಕಾರ್ಡು ಕೊಳ್ಳಲಾರರು. ಶಾಲೆಗೆಂದು ಕೊಂಡ ಲ್ಯಾಪ್‌ಟಾಪ್ ಅವರ ಬಳಿ ಇದೆ, ಮನೆಗೆ ಫೈಬರ್ ಬಂದಿದೆ. ಅಷ್ಟೇ ಸಾಕಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಶುರುಮಾಡಿದ ಆಟವನ್ನು ಅಪ್ಪನಿಗೆ ಲ್ಯಾಪ್‌ಟಾಪ್ ಬೇಕಾದಾಗ ಫೋನಿಗೆ ಸರಿಸಿ ಅಲ್ಲಿಂದಲೇ ಮುಂದುವರಿಸಬಹುದು. ನಾಲ್ಕನೇ ನಂಬರ್ ಖಾಲಿಯಾಗಲಿ ಎಂದು ಯಾರೂ ಕಟ್ಟೆಯ ಮೇಲೆ ಕೂರಬೇಕಿಲ್ಲ. ಆ ಕಾಯುವಿಕೆಯನ್ನು ಕಂಡ ನನಗೆ ಇದು ಸಣ್ಣ ಸಂಗತಿಯಲ್ಲ. ಆಟಕ್ಕೆ ಬೇಕಾದ ಯಂತ್ರದ ಬೆಲೆಯೇ ಬಡವರ ಮಕ್ಕಳನ್ನು ಹೊರಗಿಡುತ್ತಿತ್ತು. ಆ ಬಾಗಿಲು ಈಗ ತೆರೆದಿದೆ, ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಹಾಗೆಂದು ಲೆಕ್ಕ ಮರೆಯಬಾರದು. ಜಿಫೋರ್ಸ್ ನೌ ಒಳ್ಳೆಯ ಚಿತ್ರಕ್ಕೆ ಸೆಕೆಂಡಿಗೆ 25 ಮೆಗಾಬಿಟ್ ಕೇಳುತ್ತದೆ. ಆ ವೇಗದಲ್ಲಿ ಪೂರ್ತಿ ಹರಿದರೆ ಗಂಟೆಗೆ ಹನ್ನೊಂದು ಜಿಬಿಗೂ ಹೆಚ್ಚು. ಫೋನಿನ ದಿನದ ಎರಡು ಜಿಬಿ ಹದಿನೈದು ನಿಮಿಷಕ್ಕೂ ಸಾಲದು. ಕರೆಂಟು ಹೋದರೆ ರೂಟರಿಗೆ ಸಣ್ಣ ಬ್ಯಾಟರಿ ಬೇಕು. ಡೇಟಾ ಸೆಂಟರುಗಳು ನುಂಗುವ ವಿದ್ಯುತ್ತು, ನೀರು ಯಾರ ಪಾಲಿನದು ಎಂಬುದನ್ನು ಲೋಡ್‌ಶೆಡ್ಡಿಂಗ್ ಉಂಡು ಬೆಳೆದ ನಮ್ಮಂಥ ಊರುಗಳು ಕೇಳಲೇಬೇಕು. ಕೆಫೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತು ಆಡಿದ ಮರಾಠಿ, ಸಿಂಧಿ, ಕನ್ನಡ, ಭೋಜಪುರಿ ಹುಡುಗರ ಸ್ನೇಹ ಇಯರ್‌ಫೋನಿನೊಳಗೆ ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ. ಡೊಂಬಿವಲಿ, ಕಲ್ಯಾಣದ ನಮ್ಮ ಕನ್ನಡ ಸಂಘಗಳು ಯಕ್ಷಗಾನಕ್ಕೆ, ನಾಟಕಕ್ಕೆ ಸಭಾಂಗಣ ತೆರೆಯುವಂತೆ ತಿಂಗಳಿಗೊಂದು ಸಂಜೆ ನಾಲ್ಕು ಪರದೆ ಹಾಕಿ ಮಕ್ಕಳಿಗೆ ಒಟ್ಟಿಗೆ ಆಡಲು ಬಿಟ್ಟರೆ, ಊರು ಬಿಟ್ಟು ಬಂದವರ ಮೂರನೇ ತಲೆಮಾರು ಸಂಘದ ಮೆಟ್ಟಿಲು ಹತ್ತಲು ಅದೂ ಒಂದು ಕಾರಣವಾದೀತು.

ಎಲ್ಲಕ್ಕಿಂತ ಮುಖ್ಯವಾದದ್ದು ಸೇವ್ ಫೈಲು. ಸ್ಟೇಡಿಯಾ ಮುಚ್ಚುವಾಗ ಗೂಗಲ್ ಆಟ ಕೊಂಡ ದುಡ್ಡನ್ನು ವಾಪಸು ಕೊಟ್ಟಿತು, ಅದು ಒಳ್ಳೆಯ ಕೆಲಸ. ಆದರೆ ಆಡಿದ ಗಂಟೆಗಳನ್ನು ಯಾವ ಕಂಪನಿಯೂ ವಾಪಸು ಕೊಡಲಾರದು. ಕ್ಲೌಡ್ ಸೇವೆಗಳಲ್ಲಿ ಎರಡು ಬಗೆ ಇವೆ. ಕೆಲವು, ನೀವು ಸ್ಟೀಮ್‌ನಂಥ ಅಂಗಡಿಯಲ್ಲಿ ನಿಮ್ಮ ಖಾತೆಗೆ ಕೊಂಡ ಆಟವನ್ನೇ ತಮ್ಮ ಯಂತ್ರದಲ್ಲಿ ಓಡಿಸಿಕೊಡುತ್ತವೆ. ಅಲ್ಲಿ ಆಟವೂ ಸೇವ್ ಫೈಲೂ ಬಹುಪಾಲು ನಿಮ್ಮ ಖಾತೆಯಲ್ಲೇ ಉಳಿಯುತ್ತವೆ, ನಾಳೆ ಸ್ವಂತ ಪಿಸಿ ಕೊಂಡರೆ ಅಲ್ಲಿ ಮುಂದುವರಿಸಬಹುದು. ಇನ್ನು ಕೆಲವು ತಮ್ಮದೇ ಪಟ್ಟಿಯ ಆಟಗಳನ್ನು ಚಂದಾ ಇರುವವರೆಗೆ ಮಾತ್ರ ಆಡಗೊಡುತ್ತವೆ. ಚಂದಾ ನಿಂತರೆ ಅಥವಾ ಪಟ್ಟಿಯಿಂದ ಆಟ ಹೋದರೆ ನಿಮ್ಮ ಆಟವೂ ಅಲ್ಲಿಗೇ ನಿಲ್ಲುತ್ತದೆ. ಎರಡೂ ತಪ್ಪಲ್ಲ, ಆದರೆ ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂಬುದು ಕೊಡುವವನಿಗೆ ತಿಳಿದಿರಬೇಕು.

ಮಕ್ಕಳಿಗೆ ಚಂದಾ ಕಟ್ಟಿಕೊಡುವ ತಂದೆತಾಯಿಯರಲ್ಲಿ, ತಾವೇ ದುಡಿದು ಕಟ್ಟುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ನಾನು ಕೊಂಡ ಆಟ ಯಾರ ಖಾತೆಯಲ್ಲಿ ಇರುತ್ತದೆ? ಸೇವೆ ನಿಂತ ದಿನ ನನ್ನ ಸೇವ್ ಫೈಲು ನನಗೆ ಸಿಗುತ್ತದೆಯೇ? ಯಂತ್ರ ಇನ್ನೊಬ್ಬರದಾಗಿರುವುದರಲ್ಲಿ ನಾಚಿಕೆಯಿಲ್ಲ. ನಮ್ಮೂರು ಆಡಿ ಬೆಳೆದದ್ದೇ ಹಾಗೆ. ಆದರೆ ಆಡಿ ಗಳಿಸಿದ್ದು ಆಡಿದವನದೇ ಆಗಿ ಉಳಿಯಬೇಕು. ಗಂಟೆಗೆ ಇಪ್ಪತ್ತು ರೂಪಾಯಿ ತೆಗೆದುಕೊಂಡ ಚಿಕ್ಕ ಕೆಫೆಗೆ ಅದನ್ನು ಕಾಪಾಡಲು ಸಾಧ್ಯವಿತ್ತು. ಸಾವಿರಾರು ರ‍್ಯಾಕುಗಳ ಕಂಪನಿಗಳಿಗೆ ಸಾಧ್ಯವಿಲ್ಲ ಎಂದರೆ ನಾವು ಒಪ್ಪಬೇಕಾಗಿಲ್ಲ.